ಇನ್ನೊಂದು ಸುತ್ತು

ಕರೆಂಟ್ ಹೋಯ್ತಾ? ಹೋಗ್ಲಿ ಬಿಡಿ. ಯಾರೂ ಎದ್ದು ಓಡಾಡ್ಬೇಡಿ, ಕತ್ತರಿ ಎಲ್ಲಿ ಬಿದ್ದಿದೆಯೋ ಏನೋ. ಇದ್ದಲ್ಲೇ ಕೂತ್ಕೊಳ್ಳಿ. ಹಾಂ, ಮೂಲೆಯವಳೇ, ನಿನಗೇ ಹೇಳ್ತಿರೋದು... ಮೆಷಿನ್ ಪೆಡಲ್ ಮೇಲಿಂದ ಕಾಲು ತೆಗಿ. ಅದು ಕೀ... ಅನ್ನುತ್ತೆ, ನನಗೆ ಆಗಲ್ಲ. ಎಷ್ಟು ಸಲ ಬಡ್ಕೊಂಡಿದೀನಿ, ಎರಡು ಹನಿ ಎಣ್ಣೆ ಬಿಡು ಅಂತ.

ಯಾಕಕ್ಕಾ ಆ ಸದ್ದಂದ್ರೆ ಹಾಗಾಡ್ತೀಯ ಅಂತ ದಿನಾ ನಗ್ತೀರಲ್ಲ. ಇವತ್ತು ಹೇಳ್ತೀನಿ. ಆಮೇಲೆ ಮನೆಗೆ ಹೋಗೋಕೆ ಭಯ, ಜೊತೆಗೆ ಬಾ ಅಂತ ನನ್ನ ಸೆರಗು ಹಿಡೀಬಾರದು.

ಕೇಳಿ. ನಮ್ಮ ದೊಡ್ಡಪ್ಪನ ಮಗ. ನನಗೆ ಒಡಹುಟ್ಟಿದವರು ಯಾರೂ ಇಲ್ಲ, ಅಣ್ಣ ಅಂದ್ರೆ ಅವನೇ. ಒಂದು ರಾತ್ರಿ, ಹನ್ನೆರಡೂವರೆ ದಾಟಿತ್ತು, ಕೆಲಸ ಮುಗಿಸಿ ನಡ್ಕೊಂಡು ಮನೆಗೆ ಬರ್ತಿದ್ದ. ಬೆನ್ನ ಮೇಲೆ ಬೇಸ್ ಗಿಟಾರ್ ಚೀಲ. ಆ ಚೀಲ ಹೊಲಿದಿದ್ದೂ ನಾನೇ. ದೊಡ್ಡ ರಸ್ತೆ ಬಿಟ್ಟು ನಮ್ಮ ಗಲ್ಲಿಗೆ ತಿರುಗಿದ್ರೆ ಎಡಗಡೆ ಒಂದು ಹಳೇ ಬಾವಿ ಇದೆ. ನೀರಿಲ್ಲ. ಮಂಡಿಯೆತ್ತರದ ದುಂಡು ಕಟ್ಟೆ, ಮೇಲೆ ಕಬ್ಬಿಣದ ಜಾಲರಿ ಹಾಕಿ ಬೋಲ್ಟ್ ಬಿಗಿದಿದಾರೆ. ಅದನ್ನ ದಾಟಿ ಇನ್ನೂರು ಹೆಜ್ಜೆ ಹಾಕಿದ್ರೆ ನೀಲಿ ಗೇಟು. ಅದೇ ಮನೆ.

ಬಾವಿ ದಾಟಿದ. ಹಿಂದೆ ಸದ್ದು.

ಕೀ... ದುಮ್. ಕೀ... ದುಮ್.

ನಿಂತ. ತಿರುಗಿ ನೋಡಿದ. ಬೀದಿದೀಪ, ಬಾವಿ, ಅಷ್ಟೇ. ಬೇಗ ಬೇಗ ಹೆಜ್ಜೆ ಹಾಕಿದ. ಇನ್ನೂರು ಹೆಜ್ಜೆ ಆಗಿರ್ಬೇಕು. ಗೇಟಿನ ಅಗುಳಿಗೆ ಕೈ ಚಾಚಿದ... ಗೇಟಿಲ್ಲ. ಎಡಗಡೆ ಬಾವಿ.

ಅದೇ ಬಾವಿ. ಜಾಲರಿಯಿಂದ ಒಂದು ಪಿಸುಮಾತು ಬಂತಂತೆ. ಒಂದೇ ಒಂದು ಮಾತು.

"ಸುತ್ತು..."

ತಾಳಿ, ತಾಳಿ. ಮೊದಲಿಂದ ಹೇಳ್ದಿದ್ರೆ ತಲೆಬುಡ ಗೊತ್ತಾಗಲ್ಲ. ಅಣ್ಣನನ್ನ ಬೀದಿಯೆಲ್ಲ ಗುಮ್ಮ ಅಂತಲೇ ಕರೀತಿದ್ದದ್ದು. ಚಿಕ್ಕವನಿದ್ದಾಗ ಎಲ್ಲಿಂದಲೋ ಒಂದು ಹಳೇ ಗಿಟಾರ್ ತಂದಿದ್ದ. ಸಣ್ಣ ತಂತಿಗಳೆಲ್ಲ ಕಿತ್ತುಹೋಗಿ ದಪ್ಪ ತಂತಿ ಎರಡೇ ಉಳಿದಿದ್ದವು. ಆ ಎರಡರಲ್ಲೇ ಬೆಳಗಿಂದ ಸಂಜೆವರೆಗೂ ಗುಮ್ ಗುಮ್ ಗುಮ್. ಊಟ ಮಾಡದ ಮಕ್ಕಳಿಗೆ ಅಕ್ಕಪಕ್ಕದ ತಾಯಂದಿರು, "ಕೇಳಿಸ್ತಾ? ಗುಮ್ಮ ಕೂಗ್ತಿದಾನೆ, ಬಾಯ್ತೆಗಿ" ಅಂತಿದ್ರು. ದೊಡ್ಡಪ್ಪ ಹಣೆ ಚಚ್ಕೊಂಡ್ರು. "ಎಲ್ಲರ ಮಕ್ಕಳು ಹಾಡು ನುಡಿಸ್ತಾರೆ, ನನ್ನ ಮಗ ಹಾಡಿನ ಹೊಟ್ಟೆನೋವು ನುಡಿಸ್ತಾನೆ."

ಅವನ ಕೈಚಳಕ ಗುರುತು ಹಿಡಿದವರು ಡ್ರಮ್ ಮಾವ. ಸಂಬಂಧದ ಮಾವ ಅಲ್ಲ, ಎಲ್ಲರಿಗೂ ಮಾವ. ದೊಡ್ಡ ಹೋಟೆಲಿನ ಹಾಲ್‌ನಲ್ಲಿ ಅವರದೊಂದು ಬ್ಯಾಂಡ್ ಇತ್ತು, ನಾಲ್ಕೇ ಜನ. ಊಟ ಮಾಡ್ತಾ ಮಾಡ್ತಾ ಜನ ಕೇಳ್ತಿದ್ರು, ಕುಣಿಯೋರು ಕುಣೀತಿದ್ರು. ಮಾವ ಅಣ್ಣನನ್ನ ಕರ್ಕೊಂಡು ಹೋಗಿ ಕೈಗೆ ನಿಜವಾದ ಬೇಸ್ ಗಿಟಾರ್, ಬರೀ ದಪ್ಪ ತಂತಿಗಳದ್ದು, ಕೊಟ್ಟು, ಪಕ್ಕದಲ್ಲೇ ನಿಲ್ಲಿಸ್ಕೊಂಡ್ರು. ಮೊದಲನೇ ದಿನ ಹೇಳಿದ ಪಾಠ ಒಂದೇ: "ನೋಡು ಗುಮ್ಮ, ಹಾಡೋರು ಬಿಟ್ರೂ, ಕೀಬೋರ್ಡ್‌ನವನು ಬಿಟ್ರೂ, ನೀನು ಬಿಡಬಾರದು. ನನ್ನ ಕಾಲು, ನಿನ್ನ ಬೆರಳು, ಎರಡೂ ಒಂದೇ. ನಾನು ಮುಗ್ಸು ಅಂದಾಗ ಮುಗ್ಸು. ಅಲ್ಲೀವರೆಗೂ ಆಕಾಶ ಬಿದ್ರೂ ನುಡಿಸ್ತಿರು."

ಗದ್ದಲದಲ್ಲಿ ಮಾತು ಕೇಳಿಸಲ್ವಲ್ಲ, ಅದಕ್ಕೆ ಅವರದೇ ಸನ್ನೆ. ಎರಡು ಕೋಲು ಅಡ್ಡಡ್ಡ ಹಿಡಿದ್ರೆ, ಮುಗ್ಸು. ಕೈ ಎತ್ತಿ ತಲೆ ಹತ್ರ ಬೆರಳು ದುಂಡಗೆ ತಿರುಗಿಸಿ "ಸುತ್ತು" ಅಂದ್ರೆ, ಹಾಡು ಮತ್ತೆ ಮೊದಲಿಂದ, ಇನ್ನೊಂದು ಸುತ್ತು. ಮಾವನ ಕಾಲಡಿಯ ದೊಡ್ಡ ಡ್ರಮ್ಮಿಗೆ ಒಂದು ಪೆಡಲ್ ಇತ್ತು, ಅದರ ಸ್ಪ್ರಿಂಗ್ ಒಣಗಿ ಹೋಗಿತ್ತು. ಪ್ರತಿ ಪೆಟ್ಟಿಗೆ ಮುಂಚೆ ಕೀ... ಅಂತ ಒಂದು ಸಣ್ಣ ಕೊರಗು. ಎಣ್ಣೆ ಬಿಡಿ ಮಾವ ಅಂದ್ರೆ, "ಬೇಡ ಕಣೋ, ಅದು ನಿನಗೆ ಮುನ್ಸೂಚನೆ" ಅಂತಿದ್ರು. ಹದಿನಾಲ್ಕು ವರ್ಷ ಆ ಕೀ... ಕೇಳಿಯೇ ಅಣ್ಣ ತಂತಿಗೆ ಬೆರಳು ಹಾಕಿದ್ದು.

ಒಂದು ಶನಿವಾರ ಹಾಲ್ ಕಿಕ್ಕಿರಿದಿತ್ತು. ಕೊನೇ ಹಾಡು. ಅಣ್ಣ ತಿರುಗಿ ನೋಡ್ದ. ಮಾವನ ಮುಖದಲ್ಲಿ ಬೆವರು ಧಾರಾಕಾರ. ಕೈ ಎತ್ತಿದ್ರು, ತಲೆ ಹತ್ರ ಬೆರಳು ದುಂಡಗೆ ತಿರುಗಿಸಿದ್ರು. ತುಟಿ ಆಡಿತು. "ಸುತ್ತು..."

ಅಣ್ಣ ತಲೆ ಆಡಿಸ್ದ. ಉಳಿದವರಿಗೆ ಸನ್ನೆ ಮಾಡ್ದ. ಮತ್ತೆ ಮೊದಲಿಂದ. ಜನ ಹೋ ಅಂದ್ರು.

ಮತ್ತೆ ನೋಡ್ದ. ಮಾವ ಮತ್ತೆ ಅದನ್ನೇ ಅಂದ್ರು. "ಸುತ್ತು... ಸುತ್ತು..." ಅಣ್ಣ ನಕ್ಕ, ಇವತ್ತು ಮಾವನಿಗೆ ಹುರುಪು ಬಂದಿದೆ ಅಂದ್ಕೊಂಡ. ಹೀಗೆ ಆರು ಸುತ್ತು. ಆರನೇದರ ನಡುವೆ ದುಮ್ ನಿಂತುಹೋಯ್ತು. ಬದಲಿಗೆ ಇನ್ನೊಂದು ಸದ್ದು... ಜರ್ರ್... ಜರ್ರ್... ಅಣ್ಣ ಮೀಟಿದ ಒಂದೊಂದು ನೋಟಿಗೂ ಒಂದೊಂದು ಜರ್ರ್. ತಿರುಗಿದ್ರೆ, ಮಾವ ಸಣ್ಣ ಡ್ರಮ್ಮಿನ ಮೇಲೆ ಹಣೆ ಇಟ್ಟು ಮಲಗಿದಾರೆ. ಆ ಡ್ರಮ್ಮಿನ ಅಡಿಯಲ್ಲಿ ತೆಳ್ಳನೆ ತಂತಿಗಳಿರುತ್ತವಲ್ಲ, ಅಣ್ಣನ ಬೇಸ್ ಸದ್ದಿಗೆ ಅವು ತಾವೇ ಅದುರ್ತಿದ್ವು. ಕಾಲು ಇನ್ನೂ ಪೆಡಲ್ ಮೇಲೇ ಇತ್ತು.

ಕಾಲುಗಂಟೆ ಮೊದಲು ಕರ್ಕೊಂಡು ಬಂದಿದ್ರೆ ಉಳಿಸ್ಬಹುದಿತ್ತು ಅಂದ್ರು ಡಾಕ್ಟ್ರು. ಕಾಲುಗಂಟೆ... ಅಂದ್ರೆ ಆರು ಸುತ್ತು. ಅಣ್ಣನಿಗೆ ಆಗ ಹೊಳೀತು ನೋಡಿ. ಮಾವ ಹೇಳಿದ್ದು ಯಾವ ಸುತ್ತು? ಹಾಡಿನ ಸುತ್ತಾ... ತಲೆ ಸುತ್ತಾ?

ಏನು ಹೇಳ್ತೀರಾ? ಒಂದೇ ಮಾತು. ಒಂದೇ ಸನ್ನೆ.

ಮಾವನ ಮನೆಯಲ್ಲಿ ಅವತ್ತು ಮುಂದಿನ ಕೋಣೆ ತುಂಬ ಜನ. ಮಾವನ ಹೆಂಡತಿ, ನಾವೆಲ್ಲ ಅತ್ತೆ ಅಂತೀವಿ, ಅಣ್ಣನ ಕೈ ಹಿಡ್ಕೊಂಡು ಕೇಳಿದ್ರು, "ಪಕ್ಕದಲ್ಲೇ ಇದ್ದೆಯಲ್ಲ ಮಗಾ, ಕೊನೇಲಿ ಏನಾದ್ರೂ ಅಂದ್ರಾ?" ಅಣ್ಣ ನೆಲ ನೋಡ್ದ. "ಏನೂ ಅನ್ಲಿಲ್ಲ ಅತ್ತೆ." ಅಷ್ಟು ಹೇಳಿ ಹೊರಗೆ ಹೋಗಿ ನಿಂತ. ನಾನು ಅತ್ತೆಯನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ ನೀರು ಕುಡಿಸಿದೆ. ಲೋಟ ಹಿಡ್ಕೊಂಡೇ ಅಂದ್ರು, "ಎರಡು ದಿನದಿಂದ ತಲೆ ಸುತ್ತು, ತಲೆ ಸುತ್ತು ಅಂತಲೇ ಇದ್ರು ಕಣೇ. ಕೆಲಸಕ್ಕೆ ಹೋಗ್ಬೇಡಿ ಅಂದೆ, ನನ್ನ ಮಾತು ಎಲ್ಲಿ ಕೇಳ್ತಾರೆ."

ಇದು ನೆನಪಿಟ್ಕೊಳ್ಳಿ. ಇದನ್ನ ಕೇಳಿಸ್ಕೊಂಡಿದ್ದು ನಾನೊಬ್ಬಳೇ. ಅಣ್ಣನಿಗೆ ಹೇಳ್ಲಿಲ್ಲ. ಮೊದಲೇ ಬೆಂದುಹೋಗಿದಾನೆ, ಗಾಯಕ್ಕೆ ಉಪ್ಪು ಯಾಕೆ ಅಂದ್ಕೊಂಡೆ.

ಒಂಬತ್ತು ದಿನ ಆದ್ಮೇಲೆ ಹೊಸ ಡ್ರಮ್ಮರ್ ಜೊತೆ ಅಣ್ಣ ಮತ್ತೆ ಹಾಲ್‌ಗೆ ಹೋದ. ಅವತ್ತು ರಾತ್ರಿನೇ ಬಾವಿ ಹತ್ರ ಹಾಗಾಗಿದ್ದು. ಒಂದು ಸಲ ತಿರುಗಿ ಬಂತು, ಎರಡನೇ ಸಲ ಗೇಟು ಸಿಕ್ತು. ಭ್ರಮೆ ಅಂದ್ಕೊಂಡ. ಮಾರನೇ ರಾತ್ರಿ ಮೂರು ಸಲ. ಅದರ ಮಾರನೇ ರಾತ್ರಿ ಏನೂ ಇಲ್ಲ. ಒಂದು ವಾರ ಲೆಕ್ಕ ಹಾಕಿದಾಗ ಗೊತ್ತಾಯ್ತು. ಹಾಲ್‌ನಲ್ಲಿ ಜನ ಎಷ್ಟು ಸಲ "ಒನ್ಸ್ ಮೋರ್" ಅಂತ ಕೂಗ್ತಾರೋ... ಬಾವಿ ಅಷ್ಟು ಸಲ ಬರುತ್ತೆ.

ನಗ್ಬೇಡ. ಕತ್ತಲಲ್ಲಿ ಹಲ್ಲು ಕಾಣ್ಸುತ್ತೆ ನಿನ್ನದು.

ಬರ್ತಾ ಬರ್ತಾ ಸುಮ್ನೆ ನಡೆದ್ರೂ ಆಗ್ಲಿಲ್ಲ. ಚೀಲದಿಂದ ಬೇಸ್ ತೆಗೆದು ಹೆಗಲಿಗೆ ಹಾಕ್ಕೊಂಡು, ಆ ಕೊನೇ ಹಾಡನ್ನ ಒಂದು ಸುತ್ತು ಸರಿಯಾಗಿ ನುಡಿಸ್ಬೇಕು. ಸ್ಪೀಕರ್ ವೈರ್ ಹಾಕದೆ ಬೇಸ್‌ನಲ್ಲಿ ಸದ್ದೆಲ್ಲಿ, ಸೊಳ್ಳೆ ಕೂಗಿದಷ್ಟೂ ಇಲ್ಲ. ಆದ್ರೂ ಕೇಳೋರು ಕೇಳ್ತಿದ್ರು. ಒಂದು ನೋಟು ತಪ್ಪಿದ್ರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಬಾವಿ. ಆ ದುಮ್‌ಗಿಂತ ಕೂದಲೆಳೆಯಷ್ಟು ಮುಂದೆ ಬಿದ್ರೂ ಮತ್ತೆ ಬಾವಿ. ಮನೆ ಸೇರೋ ಆಸೆಗೆ ತಪ್ಪಿಲ್ಲದೆ ನುಡಿಸೋದು ಕಲಿತ. ದಿನಾ ರಾತ್ರಿ, ವರ್ಷಗಟ್ಟಲೆ. ಹಾಗೆ ಕಲಿತವನ ಕೈ ಏನಾಗ್ಬೇಡ ಹೇಳಿ? ಮೂರೇ ವರ್ಷದಲ್ಲಿ ಅವನಂಥ ಬೇಸ್ ನುಡಿಸೋನು ಇನ್ನೊಬ್ಬನಿಲ್ಲ ಅಂದ್ರು. ಸ್ಟುಡಿಯೋದವರು ಮನೆ ಬಾಗಿಲಿಗೆ ಬಂದ್ರು. ರೆಕಾರ್ಡ್ ಬಂತು, ಪೇಪರಲ್ಲಿ ಫೋಟೋ ಬಂತು. ಯಾವಾಗ್ಲೂ ಹಿಂದೆ ನಿಲ್ಲೋ ಬೇಸಿನವನು ಮುಂದೆ ಬಂದು ಒಬ್ಬನೇ ನುಡಿಸೋದು, ಜನ ಉಸಿರು ಬಿಗಿಹಿಡಿದು ಕೇಳೋದು.

ಕೇಳಿ ಏನಂತಾರೆ? ಒನ್ಸ್ ಮೋರ್.

ಗೊತ್ತಾಯ್ತಾ? ಚೆನ್ನಾಗಿ ನುಡಿಸಿದಷ್ಟೂ ಒನ್ಸ್ ಮೋರ್ ಜಾಸ್ತಿ. ಒನ್ಸ್ ಮೋರ್ ಜಾಸ್ತಿ ಆದಷ್ಟೂ ಬಾವಿ ಜಾಸ್ತಿ. ಬಾವಿ ಸುತ್ತಿದಷ್ಟೂ ಕೈ ಇನ್ನೂ ಚೆನ್ನಾಗಾಗುತ್ತೆ. ಕೆಟ್ಟದಾಗಿ ನುಡಿಸೋಣ ಅಂತಲೂ ನೋಡ್ದ, ಬೆರಳು ಕೇಳ್ಬೇಕಲ್ಲ. ಕೆಲಸ ಬಿಟ್ಟು ನಾಲ್ಕು ದಿನ ಮನೇಲೇ ಕೂತ. ನಾಲ್ಕನೇ ರಾತ್ರಿ ನೀರು ಕುಡಿಯೋಕೆ ಎದ್ದವನಿಗೆ ಅಡುಗೆಮನೆ ಸಿಗ್ಲಿಲ್ಲ, ಮಲಗೋ ಕೋಣೆ ಬಾಗಿಲೇ ಮತ್ತೆ ಮತ್ತೆ ಬಂತು. ದೂರದೂರಿಗೆ ಕಾರ್ಯಕ್ರಮಕ್ಕೆ ಹೋದ್ರೆ ಅಲ್ಲಿ ಹೋಟೆಲಿನ ಕಾರಿಡಾರ್. ಲಿಫ್ಟಿಂದ ಇಳಿದು ರೂಮಿಗೆ ನಡೆದ್ರೆ ಮತ್ತೆ ಲಿಫ್ಟು, ಮತ್ತೆ ಲಿಫ್ಟು, ಕಾರ್ಪೆಟ್ಟಿನ ಅಡಿಯಿಂದ ಕೀ... ದುಮ್. "ಅದಕ್ಕಿಂತ ನಮ್ಮ ಬಾವೀನೇ ವಾಸಿ ಕಣೇ, ಗುರುತಿನದು" ಅಂತಿದ್ದ ನನ್ನ ಹತ್ರ.

ನನಗೆ ಹೇಳೋಕೆ ಐದು ವರ್ಷ ತಗೊಂಡ. ಅದೂ ನಾನು ಗಂಟಲು ಹಿಡಿದಿದ್ದಕ್ಕೆ. ಮನೇಲಿ ಅತ್ತಿಗೆ ರಂಪ ಮಾಡಿದ್ರು, "ಹಾಲ್ ಮುಚ್ಚೋದು ಹನ್ನೆರಡಕ್ಕೆ. ಮೂರು ಗಂಟೆವರೆಗೂ ಯಾರ ಮನೇಲಿರ್ತೀರ್ರೀ?" ಅಂತ. ಪಾಪ, ಅವರು ತಾನೆ ಏನು ಅಂದ್ಕೋಬೇಕು? ಅಷ್ಟರಲ್ಲಿ ಚಪ್ಪಲಿ ಹೊಲಿಯೋ ತಾತ, ನಮ್ಮ ಬೀದಿ ಮೂಲೇಲಿ ಪೆಟ್ಟಿಗೆ ಇಟ್ಕೊಂಡು ಕೂರ್ತಾರಲ್ಲ, ಅವರು ನನ್ನ ಕರೆದು ಅಣ್ಣನ ಬೂಟು ತೋರಿಸಿದ್ರು. ಬಲಗಾಲಿಂದು ಹೊಸದಿದ್ದ ಹಾಗಿದೆ. ಎಡಗಾಲಿಂದು ಹೊರಗಿನ ಅಂಚು ಸವೆದು ಸವೆದು ಕಾಗದ ಆಗಿದೆ. "ಏನಮ್ಮ, ನಿಮ್ಮಣ್ಣ ಗಾಣದೆತ್ತಿನ ಥರ ಒಂದೇ ಕಡೆಗೆ ತಿರುಗ್ತಾನಾ? ಒಂದೊಂದ್ಸಲ ಬಲಕ್ಕೂ ತಿರುಗು ಅಂತ ಹೇಳಮ್ಮ." ಅವರ ಹತ್ರ ಕಪ್ಪು ದಾರ ಮುಗಿದಿತ್ತು. ನಾನೇ ನನ್ನ ಪೆಟ್ಟಿಗೆಯಿಂದ ಕೆಂಪು ದಾರದ ಉಂಡೆ ಕೊಟ್ಟೆ. ಕಪ್ಪು ಬೂಟಿಗೆ ಕೆಂಪು ಹೊಲಿಗೆ. ನೋಡಿ ನಕ್ಕಿದ್ವಿ ಆವತ್ತು.

ಬೂಟು ಕೊಡೋಕೆ ಹೋದಾಗ ಕೇಳೇಬಿಟ್ಟೆ. ಅಣ್ಣ ಬಾಗಿಲು ಹಾಕಿ, ಎಲ್ಲಾ ಹೇಳಿ, ಮಗುವಿನ ಥರ ಅತ್ತ. "ಸುತ್ತು ಮುಗಿಯೋವರೆಗೂ ಇರಪ್ಪಾ ಅಂತ ರಾತ್ರಿಯನ್ನ ಬೇಡ್ಕೊಳ್ತೀನಿ ಕಣೇ. ಮನೆಗೆ ಇನ್ನೂರು ಹೆಜ್ಜೆ. ನಿಮ್ಮತ್ತಿಗೆ ಹಚ್ಚಿಟ್ಟ ದೀಪ ಕಾಣುತ್ತೆ. ಹೋಗೋಕಾಗಲ್ಲ."

ನಂಬ್ಲಿಲ್ಲ ನಾನು. ನೀವು ಈಗ ಹೇಗೆ ನಂಬ್ತಿಲ್ವೋ ಹಾಗೇ. ಒಂದು ರಾತ್ರಿ ಟಾರ್ಚ್ ಹಿಡ್ಕೊಂಡು ಹೋದೆ.

ಅವನು ಬಾವಿ ಸುತ್ತ ಸುತ್ತುತಿದ್ದ.

ತಾನು ನೆಟ್ಟಗೆ ಮನೆ ಕಡೆ ನಡೀತಿದೀನಿ ಅಂತಲೇ ಅವನ ಎಣಿಕೆ. ದೃಷ್ಟಿ ದೂರದಲ್ಲಿ, ಗೇಟು ಹುಡುಕೋ ಥರ. ಕಾಲು ಮಾತ್ರ ದುಂಡಗೆ, ಕಟ್ಟೆಗೆ ಅಂಟ್ಕೊಂಡು, ಎಡಕ್ಕೆ... ಎಡಕ್ಕೆ... ಕಟ್ಟೆಯ ಸುತ್ತ ಹುಲ್ಲು ಸವೆದು ಒಂದು ಬಳೆ ಆಗಿಬಿಟ್ಟಿತ್ತು. ಬೆರಳು ತಂತಿ ಮೇಲೆ ಟಿಕ್ ಟಿಕ್ ಅಂತಿತ್ತು. ಆಮೇಲೆ ನನ್ನ ಕಿವಿಗೂ ಬಿತ್ತು. ನಾನು ಮೆಷಿನ್ ಹಾಗೇ ಬಿಟ್ಟು ಬಂದೆನಾ, ಯಾರು ತುಳೀತಿದಾರೆ ಅಂತ ಅರೆಕ್ಷಣ ಅನ್ನಿಸ್ತು. ಅದಲ್ಲ. ಜಾಲರಿ ಅಡಿಯಿಂದ.

ಕೀ... ದುಮ್.

"ಅಣ್ಣಾ," ಅಂದೆ. ತೋಳು ಹಿಡ್ಕೊಂಡೆ. ನಿಲ್ಲಲಿಲ್ಲ, ನನ್ನನ್ನೂ ಎಳ್ಕೊಂಡೇ ಹೋದ. ತುಟಿ ಮಾತ್ರ ಆಡಿತು.

"ಸುಮ್ನಿರೇ... ನೋಟು ತಪ್ಪುತ್ತೆ."

ಕೈ ಬಿಟ್ಟೆ. ಓಡಿ ಬಂದು ಬಾಗಿಲು ಹಾಕ್ಕೊಂಡೆ. ಹೇಡಿ ಅಂತೀರಾ, ಅನ್ನಿ.

ಅಷ್ಟರಲ್ಲಿ ಒಂದು ದೊಡ್ಡ ಕಾರ್ಯಕ್ರಮ ನಿಗದಿಯಾಯ್ತು. ಎರಡು ಸಾವಿರ ಜನ ಕೂರೋ ಸಭಾಂಗಣ, ಅಣ್ಣನೊಬ್ಬನದೇ ಕಛೇರಿ. ಎಲ್ಲರಿಗೂ ಸಂಭ್ರಮ. ಅಣ್ಣ ನನ್ನ ಮೆಷಿನ್ ಪಕ್ಕ ಬಂದು ಕೂತು ಬಿಳಿಚಿಕೊಂಡಿದ್ದ. "ಇಲ್ಲೀವರೆಗೂ ಬೆಳಗಾಗೋ ಒಳಗೆ ಸುತ್ತು ಮುಗಿದಿವೆ. ಎರಡು ಸಾವಿರ ಜನ ಕೂಗಿದ್ರೆ ಮುಗಿಯಲ್ಲ ಕಣೇ. ಮುಗಿಯೋ ಮುಂಚೆ ಬೆಳಗಾದ್ರೆ ಏನಾಗುತ್ತೆ?"

ನನಗೇನು ಗೊತ್ತು? ಆಮೇಲೆ ಅವನೇ ಅಂದ. "ಅತ್ತೆಗೆ ನಿಜ ಹೇಳ್ಬಿಡ್ತೀನಿ. ಮಾವ ತಲೆ ಸುತ್ತು ಅಂದ್ರು, ನಾನು ತಪ್ಪಾಗಿ ಕೇಳಿಸ್ಕೊಂಡು ಆರು ಸುತ್ತು ನುಡಿಸ್ದೆ ಅಂತ. ಅವರು ಹೊಡೀಲಿ, ಬಯ್ಯಲಿ. ಆಮೇಲೆ ಬಾವಿ ಮುಂದೆ ನಿಂತು, ತಪ್ಪಾಯ್ತು ಮಾವ, ಹಾಡು ನಿಲ್ಲಬೇಕಿತ್ತು, ಈಗ ನಿಲ್ಲಿಸ್ತೀನಿ ಅಂತ ತಂತಿ ಮೇಲೆ ಅಂಗೈ ಇಟ್ಬಿಡ್ತೀನಿ. ಅವರು ಕಾಯ್ತಿರೋದು ಅದಕ್ಕೇ ಇರ್ಬೇಕು."

ಸರಿ ಅನ್ನಿಸ್ತು ನನಗೂ. ಕಾರ್ಯಕ್ರಮದ ದಿನ ಮಧ್ಯಾಹ್ನ ಇಬ್ಬರೂ ಹೋದ್ವಿ. ಅತ್ತೆ ಬಟ್ಟೆ ಮಡಿಸ್ತಾ ಕೂತಿದ್ರು. ಎಷ್ಟು ಸಣ್ಣಗಾಗಿದ್ರು ಅಂತೀರಿ. ಅಣ್ಣ ಅವರ ಕಾಲ ಬಳಿ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಒಂದೂ ಬಿಡದೆ ಹೇಳ್ದ. ಬಾವಿ ಮಾತು ಹೇಳ್ಲಿಲ್ಲ. ಆ ಶನಿವಾರದ್ದು ಮಾತ್ರ. "ನಾನೇ ಕೊಂದೆ ಅತ್ತೆ," ಅಂದ.

ಅತ್ತೆ ಮಡಿಸೋದು ನಿಲ್ಲಿಸಿದ್ರು. ಮಡಿಸ್ತಿದ್ದ ಅಂಗಿ ಹಾಗೇ ಮಡಿಲಲ್ಲಿತ್ತು. ಆಮೇಲೆ ಅಣ್ಣನ ತಲೆ ಮೇಲೆ ಕೈ ಇಟ್ಟರು.

"ಹುಚ್ಚಪ್ಪ. ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರುಗಿದೆಯಾ? ನಿಮ್ಮ ಮಾವನ ಬಾಯಲ್ಲಿ ತಲೆ ಸುತ್ತು ಅನ್ನೋ ಮಾತೇ ಬರ್ತಿರ್ಲಿಲ್ಲ ಕಣೋ. ಹುಷಾರಿಲ್ದಿದ್ರೆ ಕಣ್ಣು ಮಂಜಾಯ್ತು ಅಂತಿದ್ರು. ಸುತ್ತು ಅಂದ್ರೆ ಅವರಿಗೆ ಹಾಡಿಂದೇ. ನೀನು ಕೇಳಿದ್ದು ಸರಿಯಾಗೇ ಇದೆ. ನಿನ್ನ ತಪ್ಪು ಒಂದು ಚೂರೂ ಇಲ್ಲ."

ಹಾಗಂದು, ಬಗ್ಗಿದ್ದ ಅವನ ತಲೆ ಮೇಲಿಂದ ನನ್ನ ನೋಡಿದ್ರು. ಅಡುಗೆಮನೇಲಿ ನೀರಿನ ಲೋಟ ಹಿಡಿದು ಏನಂದಿದ್ರು ಅನ್ನೋದು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಬಾಯಿ ಬಿಡಬೇಡ ಅಂತ ಕಣ್ಣಲ್ಲೇ ಅಂದ್ರು.

ನಾನು ಬಾಯಿ ಬಿಡಲಿಲ್ಲ.

ಅವರದೇನೂ ಕೆಟ್ಟ ಬುದ್ಧಿಯಲ್ಲ. ಬದುಕಿರೋನಾದ್ರೂ ಹಗುರಾಗ್ಲಿ ಅಂತ ಹೇಳಿದ ಸುಳ್ಳು. ಎಂಥ ದೊಡ್ಡ ಮನಸ್ಸು ಹೇಳಿ. ಬಾವಿ ವಿಷಯ ಗೊತ್ತಿದ್ದೋಳು ನಾನು. ಅವರಿಗಲ್ಲ. ನಾನೇ ಹೇಳ್ಬೇಕಿತ್ತು. ಆದ್ರೆ ಅಣ್ಣ ತಲೆ ಎತ್ತಿದಾಗ ಅವನ ಮುಖ ನೋಡ್ಬೇಕಿತ್ತು ನೀವು... ಐದಾರು ವರ್ಷದ ಕೊಳೆ ತೊಳೆದು ಹಾಕಿದ ಹಾಗೆ. ಆ ಮುಖಕ್ಕೆ ಹೇಗೆ ಹೇಳೋದು, ಇಲ್ಲ ಕಣೋ, ನೀನೇ ಕೊಂದಿದ್ದು ಅಂತ?

ಬೀದಿಗೆ ಬಂದ್ಮೇಲೆ ಅಣ್ಣ ನಕ್ಕ. ನಾನೇ ಕೇಳ್ದೆ, "ರಾತ್ರಿ ಬಾವಿ ಹತ್ರ ನಿಲ್ಲಿಸ್ತೀಯ ತಾನೆ? ತಪ್ಪಾಯ್ತು ಅಂತ ಹೇಳ್ತೀಯ ತಾನೆ?"

"ತಪ್ಪೇ ಆಗಿಲ್ವಲ್ಲೇ! ಕೇಳಿಲ್ವಾ ನೀನು? ಮಾವ ಕೇಳಿದ್ದು ಹಾಡಿನ ಸುತ್ತೇ. ಈಗಲೂ ಕೇಳ್ತಿರೋದು ಅದನ್ನೇ. ಮುಗ್ಸು ಅಂತ ಅವರು ಹೇಳೋವರೆಗೂ ಬೇಸ್ ಬಿಡಬಾರದು. ನಾನು ಸುಮ್ನೆ ಹೆದರ್ಕೊಂಡು, ಮನೆಗೆ ಓಡೋಕೆ ನೋಡ್ತಿದ್ದೆ. ಅದಕ್ಕೇ ಮುಗೀತಿರ್ಲಿಲ್ಲ. ಇವತ್ತು ಖುಷಿಯಿಂದ ಕೊಡ್ತೀನಿ. ಎಷ್ಟು ಬೇಕೋ ಅಷ್ಟು."

ಹೇಳೇ ಮುಂಡೇದೇ, ಈಗಲಾದ್ರೂ ಹೇಳೇ ಅಂತ ಒಳಗೆ ಕೂಗ್ತಿದ್ದೆ. ಕಾರ್ಯಕ್ರಮ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಈಗ ಹೇಳಿದ್ರೆ ಅವನ ಕೈ ತಪ್ಪುತ್ತೆ, ಎರಡು ಸಾವಿರ ಜನದ ಮುಂದೆ ಮರ್ಯಾದೆ ಹೋಗುತ್ತೆ ಅಂತ ನನಗೆ ನಾನೇ ಸಬೂಬು ಹೇಳ್ಕೊಂಡೆ.

ಕಾರ್ಯಕ್ರಮದ ಬಗ್ಗೆ ಏನು ಹೇಳ್ಲಿ. ನಾನು, ಅತ್ತಿಗೆ ಮೂರನೇ ಸಾಲಲ್ಲಿ ಕೂತಿದ್ವಿ. ಕುರ್ಚಿ ಕೈಗಳು ಅದುರ್ತಿದ್ವು, ಹೊಟ್ಟೆಯೊಳಗೆ ಯಾರೋ ಮೆಲ್ಲಗೆ ಮಾತಾಡಿದ ಹಾಗಿತ್ತು. ಗಂಡನ ಮೇಲೆ ಸದಾ ಉರೀತಿದ್ದ ಅತ್ತಿಗೆ ನನ್ನ ಕೈ ಅಮುಕಿ, "ಇವರು ಇಷ್ಟು ಚೆನ್ನಾಗಿ ನುಡಿಸ್ತಾರೇನೇ?" ಅಂದ್ರು. ಕೊನೇಲಿ ಜನ ಎದ್ದು ನಿಂತ್ರು. ಒನ್ಸ್ ಮೋರ್! ಎಣಿಸ್ದೆ. ನಲವತ್ತರವರೆಗೂ ಎಣಿಸ್ದೆ. ಆಮೇಲೆ ಇಡೀ ಸಭಾಂಗಣ ಒಂದೇ ಕೂಗಾಯ್ತು, ಎಣಿಸೋಕೆ ಆಗ್ಲಿಲ್ಲ. ಅಣ್ಣ ಕೈ ಮುಗಿದು ನಗ್ತಾ ನಿಂತಿದ್ದ. ನಾನು ವೇದಿಕೆ ಹಿಂದೆ ಓಡಿದೆ. ಹಾರ ಹಾಕೋರು, ಫೋಟೋ ತೆಗೆಯೋರು, ನೂಕುನುಗ್ಗಲು. ಹತ್ರ ಹೋಗೋ ಅಷ್ಟರಲ್ಲಿ ಹಿಂಬಾಗಿಲಿಂದ ನಡ್ಕೊಂಡೇ ಹೊರಟುಬಿಟ್ಟಿದ್ದ.

ಒಂದಾಯ್ತು, ಎರಡಾಯ್ತು. ಅತ್ತಿಗೆ ಕಾದು ಕಾದು ಕೂತಲ್ಲೇ ನಿದ್ದೆ ಹೋದ್ರು. ನಾನು ಬಾವಿ ಹತ್ರ ಹೋದೆ.

ಸುತ್ತುತಿದ್ದ. ಇಷ್ಟು ದಿನ ಹೆದರಿ ಸುತ್ತುತಿದ್ದೋನು ಅವತ್ತು ನಗ್ತಿದ್ದ. ಕೀ... ದುಮ್ ಪಿಸುಗುಟ್ಟೋ ಹಾಗಿರ್ಲಿಲ್ಲ ಅವತ್ತು, ಕಾಲಡಿಯ ನೆಲ ಅದುರ್ತಿತ್ತು.

ಆಗ ಹೇಳ್ದೆ. ಆಗ!

"ಅಣ್ಣಾ! ಅತ್ತೆ ಹೇಳಿದ್ದು ಸುಳ್ಳು! ಅದು ತಲೆ ಸುತ್ತೇ ಅಣ್ಣಾ! ನಾನು ಕೇಳಿದೀನಿ! ನಿಲ್ಲಿಸೋ... ಅಂಗೈ ಇಡೋ ತಂತಿ ಮೇಲೆ..."

ಮುಂದೆ ಹಾದು ಹೋದ. ಕೇಳಿಸ್ಲಿಲ್ಲ. ಮತ್ತೆ ಬಂದ. ಮತ್ತೆ ಕಿರುಚಿದೆ. ಮತ್ತೆ ಹೋದ. ಬೇಸ್ ನುಡಿಸೋನು ಡ್ರಮ್ಮಿನವನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಬಾರದು, ಹಾಗೇ ಕಲಿಸಿದ್ದಲ್ವಾ ಮಾವ. ಗಂಟಲು ಹರಿದು ರಕ್ತದ ರುಚಿ ಬಂತು. ಅಕ್ಕಪಕ್ಕದ ಒಂದು ಕಿಟಕಿನೂ ತೆಗೀಲಿಲ್ಲ.

ಆಕಾಶ ಬೆಳ್ಳಗಾಯ್ತು. ಹಾಲಿನ ವ್ಯಾನ್ ಬಂತು. ನನಗೂ ಬಾವಿಗೂ ನಡುವೆ ಹಾದು ಹೋಯ್ತು, ಕ್ರೇಟು ಗಲಗಲ ಅಂದವು... ಅಷ್ಟೇ ಹೊತ್ತು.

ವ್ಯಾನ್ ಹೋದ್ಮೇಲೆ ಅಣ್ಣ ಇಲ್ಲ.

ಸದ್ದೂ ಇಲ್ಲ. ಕಟ್ಟೆಗೆ ಒರಗಿಸಿದ ಖಾಲಿ ಚೀಲ ಇತ್ತು. ಜಾಲರಿ ಬೋಲ್ಟ್ ತುಕ್ಕು ಹಿಡಿದು ಹಾಗೇ ಇತ್ತು. ಪೊಲೀಸಿನವರು ಅದನ್ನ ಗರಗಸದಲ್ಲಿ ಕುಯ್ದು ಒಳಗೆ ದೀಪ ಬಿಟ್ಟು ನೋಡಿದ್ರು. ಒಣ ಮಣ್ಣು. ಯಾರ ಜೊತೆಗೋ ಊರು ಬಿಟ್ಟು ಹೋಗಿದಾನೆ ಅಂತ ಬರ್ಕೊಂಡ್ರು. ಅತ್ತಿಗೆನೂ ಹಾಗೇ ನಂಬ್ಕೊಂಡಿದಾರೆ. ನಂಬ್ಕೊಂಡಿರ್ಲಿ. ಅತ್ತೆಗೆ ನಾನು ಏನೂ ಹೇಳಿಲ್ಲ, ಹೇಳೋದೂ ಇಲ್ಲ. ಒಳ್ಳೇದು ಮಾಡಿದೆ ಅಂತ ಅವರಾದ್ರೂ ನೆಮ್ಮದಿಯಾಗಿ ಮಲಗ್ಲಿ. ನಿದ್ದೆ ಇಲ್ದೇ ಇರೋಕೆ ನಾನೊಬ್ಬಳಿದೀನಲ್ಲ.

ಯಾಕೆ ಇವತ್ತು ಹೇಳ್ದೆ ಗೊತ್ತಾ?

ಇದಾಗಿ ಎರಡು ತಿಂಗಳಿಗೆ ಚಪ್ಪಲಿ ಹೊಲಿಯೋ ತಾತ ನನ್ನ ಕರೆದ್ರು. "ಏನಮ್ಮ, ನಿಮ್ಮಣ್ಣ ಊರಿಗೆ ಬಂದನಾ? ಬೆಳಿಗ್ಗೆ ಬಂದು ನೋಡಿದ್ರೆ ನನ್ನ ಪೆಟ್ಟಿಗೆ ಮೇಲೆ ಬೂಟು ಇಟ್ಟು ಹೋಗಿದಾನೆ. ಒಂದೇ ಒಂದು." ಎಡಗಾಲಿಂದು. ಹೊರಗಿನ ಅಂಚು ಕಾಗದ. ನನ್ನದೇ ಕೆಂಪು ದಾರದ ಹೊಲಿಗೆ, ಬಿಚ್ಚಿಹೋಗಿತ್ತು. ನಾನೇನೂ ಹೇಳ್ಲಿಲ್ಲ, ಹೊಲಿದಿಡಿ ತಾತ ಅಂದೆ, ಅಷ್ಟೇ. ಹೊಲಿದು ಪೆಟ್ಟಿಗೆ ಮೇಲಿಟ್ಟು ಹೋದ್ರು. ಬೆಳಿಗ್ಗೆ ಬೂಟು ಇಲ್ಲ. ಮತ್ತೆ ಎರಡು ತಿಂಗಳಿಗೆ ಬಂತು. ಮತ್ತೆ ಹೊಲಿದ್ರು, ಮತ್ತೆ ಹೋಯ್ತು.

ಇವತ್ತು ಬೆಳಿಗ್ಗೆ ಮೂರನೇ ಸಲ ಬಂದಿದೆ. ತಾತನಿಗೆ ಕೆಂಪು ದಾರ ಕೊಟ್ಟೇ ನಾನು ಕೆಲಸಕ್ಕೆ ಬಂದಿದ್ದು. ಹೊಲಿದಿಟ್ಟಿರ್ತಾರೆ ಇಷ್ಟೊತ್ತಿಗೆ. ಸುಳ್ಳು ಅನ್ನೋರು ಈಗಲೇ ಏಳಿ, ಮೂಲೆವರೆಗೂ ಹೋಗಿ ಬರೋಣ, ನಾನೇ ಟಾರ್ಚ್ ಹಿಡೀತೀನಿ. ಪೆಟ್ಟಿಗೆ ಮೇಲಿರುತ್ತೆ. ಎತ್ಕೊಂಡು ಒಳಗೆ ಕೈ ಹಾಕಿ ನೋಡಿ. ಬೆಳಿಗ್ಗೆ ನಾನು ಹಾಕಿ ನೋಡ್ದೆ, ಬೆಚ್ಚಗಿತ್ತು.